ಉಡಿಯೊಳಗಿನ ಚೇಳು

ಅರಿವಳಿಕೆಯ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರು ನನ್ನನ್ನು ಕಂಡಾಗ ಕೇಳುವ ಪ್ರಶ್ನೆ ಒಂದೇ. "ಮ್ಯಾಡಂ, ಈ ಹೆದರಿಕಿ ಯಾವಾಗ ಹೋಗ್ತದ್ರಿ?" ನಾನು ಹೇಳುವ ಉತ್ತರವೂ ಒಂದೇ. ಹೋಗುವುದಿಲ್ಲ. ಹೋದ ದಿನ ಬ್ಯಾಗು ಕೆಳಗಿಟ್ಟು ಮನೆಗೆ ನಡೆಯಿರಿ. ಮುದುಕಿ ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು ಅವರು ನಗುತ್ತಾರೆ. ತಮಾಷೆಯಲ್ಲ ಎಂದು ತಿಳಿಸುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಹುಟ್ಟಾ ಪುಕ್ಕಲು. ರಾಯಚೂರಿನ ಬಜಾರಿನಲ್ಲಿ ನಮ್ಮ ಅಬ್ಬಾನ ಬಟ್ಟೆ ಅಂಗಡಿ ಇತ್ತು. ಅಂಗಡಿಯ ಮುಂದೆ ಯಾರದಾದರೂ ಸೈಕಲ್ಲಿನ ಟ್ಯೂಬು ಸಿಡಿದರೆ ನಾನು ಬಟ್ಟೆಯ ಥಾನುಗಳ ಹಿಂದೆ ಅಡಗುತ್ತಿದ್ದೆ. ಮೆಡಿಕಲ್ ಸೀಟು ಸಿಕ್ಕಾಗ ಓಣಿಗೆಲ್ಲ ಸಂಭ್ರಮ. ಅಮ್ಮಿ ಮಾತ್ರ ನನ್ನ ತಣ್ಣನೆಯ ಕೈ ಹಿಡಿದು, "ಇತ್ತಾ ಡರ್ತೀ, ಡಾಕ್ಟರ್ ಕೈಕು ಬನ್ತೀ?" ಎಂದು ಕೇಳಿದಳು. ಇಷ್ಟು ಹೆದರುವವಳು ಡಾಕ್ಟರ್ ಯಾಕಾಗುತ್ತೀ ಎಂದು.

ರಾಯಚೂರು, ಮಾನ್ವಿ, ದೇವದುರ್ಗ, ಇಷ್ಟರಲ್ಲೇ ನನ್ನ ಆಯುಷ್ಯ ಸವೆಯಿತು. ನಾನು ಒಂದೇ ಆಸ್ಪತ್ರೆಗೆ ಸೇರಿದವಳಲ್ಲ. ಸರ್ಜನ್ನರು ಫೋನು ಮಾಡಿದರೆ ಬ್ಯಾಗು ಹೆಗಲಿಗೇರಿಸಿ ಬಸ್ಸು ಹತ್ತುವುದು. ಗಂಟಲಿಗಿಳಿಸುವ ನಳಿಗೆ, ಮಾಸ್ಕು, ಔಷಧಿಯ ಡಬ್ಬಿ, ಬಿಪಿ ನೋಡುವ ಪಾದರಸದ ಪೆಟ್ಟಿಗೆ, ಎಲ್ಲ ಅದರಲ್ಲೇ. ಕಂಡಕ್ಟರುಗಳು ನನ್ನನ್ನು ಹೊಲಿಗೆ ಮಷೀನು ರಿಪೇರಿಯವಳು ಎಂದುಕೊಂಡಿದ್ದರು. ಹಳ್ಳಿಯವರು ಕರೆಯುತ್ತಿದ್ದದ್ದು ನಿದ್ದಿ ಡಾಕ್ಟ್ರಮ್ಮ ಎಂದು. ನಮ್ಮ ಕಸುಬಿನಲ್ಲಿ ಕೊಯ್ದವರಿಗೆ ಹಾರ, ಕಾಯ್ದವರಿಗೆ ಚಹಾ. ಈಗಲೇ ಹೇಳಿಬಿಡುತ್ತೇನೆ, ಹಾರದ ಆಸೆ ಇದ್ದವರು ಈ ಕಡೆ ಬರಬೇಡಿ.

ನಮ್ಮ ಕೆಲಸದ ಬಹುಪಾಲು ಒಂದೇ ವಸ್ತುವಿನ ಜೊತೆಗಿನ ಹಗ್ಗಜಗ್ಗಾಟ. ಅದರ ಹೆಸರು ನಾರ್‌ಅಡ್ರಿನಲಿನ್. ಪುಸ್ತಕದಲ್ಲಿ ಅದಕ್ಕೆ ಪುಟಗಟ್ಟಲೆ ವಿವರ ಇದೆ, ಅದನ್ನು ನೀವು ಓದಿಯೇ ಬಂದಿರುತ್ತೀರಿ. ನಾನು ಕಂಡಂತೆ ಹೇಳುವುದಾದರೆ, ಕೂತವರು ಎದ್ದು ನಿಂತಾಗ ರಕ್ತವೆಲ್ಲ ಕಾಲಿಗಿಳಿದು ದೊಪ್ಪನೆ ಬೀಳದಂತೆ ರಕ್ತನಾಳಗಳನ್ನು ಬಿಗಿಹಿಡಿಯುವುದು ಅದೇ. ನಿದ್ದೆಯಿಂದ ಎಚ್ಚರಕ್ಕೆ ತರುವುದರಲ್ಲಿ, ಎಚ್ಚರವಿದ್ದಾಗ ಮನಸ್ಸನ್ನು ಒಂದು ಕಡೆ ನಿಲ್ಲಿಸುವುದರಲ್ಲಿ ಅದರ ಕೈ ಇದೆ. ಗೂಳಿ ಅಟ್ಟಿಸಿಕೊಂಡು ಬಂದಾಗ ಎದೆ ಹೊಡೆದುಕೊಂಡು, ಕೈ ತಣ್ಣಗಾಗಿ, ಮೈ ಬೆವೆತು, ಎಂದೂ ಓಡದವನು ಓಡುತ್ತಾನಲ್ಲ, ಅದರ ಹಿಂದೆಯೂ ಅದೇ, ಅದರ ಅಕ್ಕ ಅಡ್ರಿನಲಿನ್ ಜೊತೆಗೆ. ನರಗಳ ತುದಿಯಲ್ಲಿ ಹುಟ್ಟುತ್ತದೆ. ಮೂತ್ರಪಿಂಡದ ನೆತ್ತಿಯ ಮೇಲೆ ಕೂತ ಪುಟ್ಟ ಗ್ರಂಥಿಯಲ್ಲೂ ಸ್ವಲ್ಪ. ಕಡಿಮೆಯಾದರೆ ಮನುಷ್ಯ ಕುಸಿಯುತ್ತಾನೆ. ಹೆಚ್ಚಾದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಹಿರಿಯರ ಗಾದೆ ಸಾಕು, ಅತಿಯಾದರೆ ಅಮೃತವೂ ವಿಷ.

ಕಡಿಮೆಯಾದವರ ಕಥೆ ಮೊದಲು ಹೇಳುತ್ತೇನೆ. ಮಾನ್ವಿ ಕಡೆಯ ಬೀರಪ್ಪ ಎಂಬ ಕುರಿ ಕಾಯುವ ಮುದುಕ ಕಾಲಿನ ಹುಣ್ಣು ಕೊಳೆಯಿಸಿಕೊಂಡು, ನಂಜು ಮೈಗೆಲ್ಲ ಏರಿ ಬಂದಿದ್ದ. ಬಿಪಿ ಪಾತಾಳದಲ್ಲಿತ್ತು. ಅವನ ಅಣ್ಣನ ಮಗನಿಗೆ, "ಬಿಪಿ ಭಾಳ ಇಳದದಪ್ಪ" ಎಂದೆ. ಅವನ ಮುಖ ಅರಳಿತು. "ಇಳದದೇನ್ರಿ? ದೇವರು ದೊಡ್ಡಾವ!" ಎಂದು ಹೊರಗೆ ಹೋಗಿ ಎಲ್ಲರಿಗೂ ಹೇಳಿಬಿಟ್ಟ. ನಮ್ಮ ಕಡೆ ಬಿಪಿ ಎಂದರೆ ಏರುವ ರೋಗ, ಇಳಿದರೆ ಹಬ್ಬ. ಇಳಿದರೂ ಸಾಯುತ್ತಾರೆ ಎಂದು ಅವರಿಗೆ ತಿಳಿಹೇಳುವಷ್ಟರಲ್ಲಿ ನನ್ನ ಬಾಯಿ ಒಣಗಿತ್ತು. ನಾವು ಕೆಲಸಕ್ಕೆ ಸೇರಿದ ಕಾಲದಲ್ಲಿ ಇಂಥವರಿಗೆ ಡೋಪಮಿನ್ ಹಾಕುತ್ತಿದ್ದೆವು. ನಾರ್‌ಅಡ್ರಿನಲಿನ್ ಎಂದರೆ ಹಿರಿಯರು ಮುಖ ಸಿಂಡರಿಸುತ್ತಿದ್ದರು, ಅದನ್ನು ಹಾಕಿದ ಮೇಲೆ ಯಾರು ಬದುಕಿದ್ದಾರೆ ಎಂದು. ಆಮೇಲೆ ಗಾಳಿ ತಿರುಗಿತು. ಈಗ ಇಂಥ ನಂಜಿಗೆ ಮೊದಲು ಕೈಹಾಕುವುದೇ ಅದಕ್ಕೆ.

ಬೀರಪ್ಪನಿಗೂ ಅದನ್ನೇ ಹಾಕಿದೆ. ಬಿಪಿ ಮೇಲೆ ಬಂತು, ನನ್ನ ಕಳವಳ ಕಡಿಮೆಯಾಗಲಿಲ್ಲ. ಮುದುಕನ ಅಂಗೈ ಹಿಂದಿನ ತೆಳ್ಳನೆಯ ರಕ್ತನಾಳದಲ್ಲಿ ಹೋಗುತ್ತಿತ್ತು ಔಷಧಿ. ನಾಳ ಬಿಟ್ಟು ಹೊರಗೆ ಸೋರಿದರೆ ಚರ್ಮದ ರಕ್ತನಾಳಗಳು ಬಿಗಿದು, ಮಾಂಸವೇ ಸತ್ತು ಕಪ್ಪಾಗುತ್ತದೆ. ನಾನು ಮತ್ತೆ ಮತ್ತೆ ಹೋಗಿ ಆ ಕೈ ಒತ್ತಿ ನೋಡುತ್ತಿದ್ದೆ. ನರ್ಸಮ್ಮ ಬೇಸತ್ತು, "ಮ್ಯಾಡಂ, ನೀವು ನೋಡಿ ನೋಡಿನೇ ಆ ಕೈ ಸವದು ಹೋಗ್ತದ" ಎಂದಳು. ಮಧ್ಯಾಹ್ನದ ಹೊತ್ತಿಗೆ ಸೂಜಿಯ ಸುತ್ತ ಚರ್ಮ ಬೆಳ್ಳಗಾಗತೊಡಗಿತ್ತು. ತಕ್ಷಣ ದೊಡ್ಡ ರಕ್ತನಾಳಕ್ಕೆ ಬದಲಾಯಿಸಿದೆವು. ಕೈ ಉಳಿಯಿತು, ಮುದುಕನೂ ಉಳಿದ.

ಇನ್ನು ಹೆಚ್ಚಾದವರ ಪಾಠ. ಅದನ್ನು ಕಲಿಸಿದವರು ಮಾನ್ವಿಯ ಹಿರಿಯ ಡಾಕ್ಟರೊಬ್ಬರು. ನಾನು ಕಂಡ ಮೇಲಿನವರಲ್ಲೆಲ್ಲ ಸಿಡುಕು ಮೂತಿಯವರು, ಕಲಿಸುವುದರಲ್ಲಿ ಮಾತ್ರ ಎತ್ತಿದ ಕೈ. ಭತ್ತದ ಸೂಡು ಎತ್ತುವಾಗ ಕೆಂಪು ಚೇಳು ಕುಟುಕಿದ ಹೆಂಗಸೊಬ್ಬಳನ್ನು ಹೊತ್ತು ತಂದಿದ್ದರು. ಸೀರೆ ಹಿಂಡಿದರೆ ನೀರು ಬರುವಷ್ಟು ಬೆವರು. ಎದೆ ಬಡಿತ ದೂರದಿಂದಲೇ ಕಾಣುತ್ತಿತ್ತು. ಅವಳ ಕೈ ಮುಟ್ಟು ಎಂದರು ಡಾಕ್ಟರು. ಮುಟ್ಟಿದೆ, ಬಾವಿಯ ನೀರಿನಷ್ಟು ತಣ್ಣಗಿತ್ತು.

"ಚೇಳಿನ ವಿಷ ಎದಿಗೇರ್ಯಾದೇನ್ರಿ ಸರ್?" ಎಂದೆ.

"ಚೇಳು ಬರೇ ಬಾಗಿಲ ಬಡದು ಹೋಗ್ತದವ್ವ. ಒಳಗಿನವ್ರೇ ಗಾಬರ್‍ಯಾಗಿ ಎದ್ದು ಮನಿ ಸುಟ್ಟಕೊಳ್ತಾರ" ಎಂದರು ಅವರು. ಆ ವಿಷ ನರದ ತುದಿಗಳನ್ನು ಕೆಣಕಿ, ಮೈಯೊಳಗಿನ ನಾರ್‌ಅಡ್ರಿನಲಿನ್ನನ್ನೆಲ್ಲ ಒಮ್ಮೆಲೇ ಹೊರಗೆ ಸುರಿಸುತ್ತದೆ. ರಕ್ತನಾಳಗಳು ಬಿಗಿದು, ಬಿಪಿ ಏರಿ, ಹೃದಯ ಸೋತು, ಶ್ವಾಸಕೋಶದಲ್ಲಿ ನೊರೆ ತುಂಬುತ್ತದೆ. ಅವರು ಕಪಾಟಿನಿಂದ ಒಂದು ಪುಟ್ಟ ಮಾತ್ರೆ ತೆಗೆದರು. ಪ್ರಜೋಸಿನ್. ಬಿಗಿದ ನಾಳಗಳನ್ನು ಸಡಿಲಿಸುವ ಮಾತ್ರೆ, ನಮ್ಮ ಸೀಮೆಯಲ್ಲಿ ಚೇಳಿನ ಗುಳಿಗೆ ಎಂದೇ ಅದಕ್ಕೆ ಹೆಸರು. ಕೊಟ್ಟು, ಕುರ್ಚಿ ಎಳೆದು ಕೂತರು. "ಯಂತ್ರ ನೋಡಬ್ಯಾಡ, ಕೈ ಹಿಡಕೊಂಡು ಕೂಡು. ಬೆಚ್ಚಗಾದ್ರ ಗೆದ್ವಿ." ನಾನು ಹಿಡಿದು ಕೂತೆ. ಬಹಳ ಹೊತ್ತಿನ ಮೇಲೆ ಆ ಬೆರಳುಗಳು ಒಂದೊಂದಾಗಿ ಬೆಚ್ಚಗಾದವು. ಆ ಹೆಂಗಸು ಕಣ್ಣು ಬಿಟ್ಟು, "ಯಾರಿಕಿ, ನನ್ನ ಕೈ ಯಾಕ ಹಿಡಕೊಂಡಾಳ?" ಎಂದಳು.

ಈ ಪಾಠ ತಲೆಯೊಳಗೆ ಇರದಿದ್ದರೆ ಅಯ್ಯಮ್ಮ ಇವತ್ತು ಇರುತ್ತಿರಲಿಲ್ಲ. ನಾನು ಹೇಳಬೇಕೆಂದು ಹೊರಟದ್ದೇ ಅವಳ ಕಥೆ.

ದೇವದುರ್ಗದ ಒಂದು ನರ್ಸಿಂಗ್ ಹೋಮಿಗೆ ಮಕ್ಕಳಾಗದ ಆಪರೇಷನ್ನಿಗೆಂದು ಅವಳು ಬಂದಿದ್ದಳು. ಮಸರಕಲ್ಲಿನವಳು, ಮೂರು ಮಕ್ಕಳ ತಾಯಿ, ಮಾತು ಕಡಿಮೆ. ಜೊತೆಗೆ ಅತ್ತೆ ಹನುಮಮ್ಮ, ಸೊಸೆಯ ಪಾಲಿನ ಮಾತನ್ನೂ ತಾನೇ ಆಡುವವಳು. ಆಪರೇಷನ್ನಿಗೆ ಮೊದಲು ನಾನು ಬಿಪಿ ನೋಡಿದೆ, ಸರಿಯಾಗಿಯೇ ಇತ್ತು. ಏನಾದರೂ ಬೇನೆ ಇದೆಯೇ ಎಂದು ಕೇಳಿದೆ.

"ಏನಿಲ್ರೀ ಯವ್ವಾ, ಅಂಜಿಕಿ ಒಂದು ಅದ" ಎಂದಳು ಹನುಮಮ್ಮ. "ಹೊಲದಾಗ ನಿಂತಾಕಿ ನಿಂತಂಗೇ ಬೆವತು, ಬೆಳ್ಳಗಾಗಿ, ಎದಿ ಹಿಡಕೊಂಡು ಕುಂದ್ರತಾಳ. ನಾವು 'ಅದು' ಬಂತು ಅಂತೀವಿ. ತಾಯತ ಕಟ್ಟಿಸೀವಿ, ದರ್ಗಾಕ್ಕೂ ಹೋಗಿ ಬಂದೀವಿ."

ಸರ್ಜನ್ ನಕ್ಕರು. "ನಿಮ್ಮ ಪೈಕಿ ಒಬ್ಬರು ಸಿಕ್ಕರು ನೋಡ್ರಿ ಮ್ಯಾಡಂ!" ಅಂಜುಬುರುಕರ ಮೇಲೆ ನನಗೆ ಮೊದಲಿನಿಂದಲೂ ಮಮತೆ. ನಾನೂ ನಕ್ಕೆ, ಆದರೆ ಬಿಪಿ ಪಟ್ಟಿಯನ್ನು ಅವಳ ತೋಳಿನಿಂದ ಬಿಚ್ಚಲಿಲ್ಲ.

ದೂರದರ್ಶಕದಂಥ ಕೊಳವೆ ಇಳಿಸಿ ಮಾಡುವ ಆಪರೇಷನ್ ಅದು. ಮೊದಲು ಹೊಟ್ಟೆಗೆ ಗ್ಯಾಸು ತುಂಬಿ ಉಬ್ಬಿಸಬೇಕು, ಮೇಜನ್ನು ತಲೆಯ ಕಡೆ ತಗ್ಗಿಸಬೇಕು. ಗ್ಯಾಸು ಹೋಗುತ್ತಿದ್ದಂತೆ ನಾನು ಬಿಪಿ ನೋಡಿದೆ. ಪಾದರಸ ಏರಿತು. ಇನ್ನೂ ಏರಿತು. ಪೆಟ್ಟಿಗೆ ಕೆಟ್ಟಿರಬೇಕು ಎಂದು ಇನ್ನೊಮ್ಮೆ ನೋಡಿದರೆ ಗಾಜಿನ ತುದಿ ಮುಟ್ಟುವ ಹಾಗಿತ್ತು. ಅವಳ ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು. ಕೈ ಮುಟ್ಟಿದೆ. ಆ ತಣ್ಣನೆ ನನಗೆ ಗೊತ್ತಿದ್ದ ತಣ್ಣನೆ.

"ಸರ್, ಗ್ಯಾಸ್ ತಗೀರಿ."

"ಇನ್ನ ಐದು ನಿಮಿಷದ ಕೆಲಸ ಅದ, ಸುಮ್ನಿರ್ರಿ."

"ಐದು ನಿಮಿಷ ಆಕಿ ಹತ್ರ ಇಲ್ರಿ. ತಗೀರಿ ಅಂದ್ರ ತಗೀರಿ!"

ನನ್ನ ದನಿ ಅಷ್ಟು ದೊಡ್ಡದಿದೆ ಎಂದು ನನಗೇ ಗೊತ್ತಿರಲಿಲ್ಲ. ಅವರು ತೆಗೆದರು. ಕೈಗವಸು ಬಿಚ್ಚಿ ಬಕೆಟ್ಟಿಗೆ ಎಸೆದು, "ಅಂಜಿಕಿ ರೋಗ ಆಕಿಗಲ್ಲ, ನಿಮಗದ" ಎಂದು ಹೊರಗೆ ನಡೆದರು. ಅವರು ಕೆಟ್ಟವರಲ್ಲ. ಒಳ್ಳೆಯ ಕೈ, ಹೊರಗೆ ಇನ್ನೂ ಎಷ್ಟೋ ಹೆಂಗಸರು ಹಸಿದುಕೊಂಡು ಕಾಯುತ್ತಿದ್ದರು. ಆದರೆ ಹೊಟ್ಟೆ ಇಳಿದ ಹಾಗೆ ಪಾದರಸವೂ ತಾನಾಗಿ ಇಳಿಯಿತಲ್ಲ, ಅದು ನನ್ನನ್ನು ಬಿಡಲಿಲ್ಲ. ಹೆದರಿಕೆಯಾದರೆ ಹೊಟ್ಟೆ ಉಬ್ಬಿದಾಗ ಬಂದು ಇಳಿದಾಗ ಹೋಗುತ್ತದೆಯೇ? ಅದೂ ಮಂಪರಿನಲ್ಲಿದ್ದವಳಿಗೆ? ರಾಯಚೂರಿನ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಒಂದೇ ಯೋಚನೆ ಮಾಡಿದೆ. ಇದು ಚೇಳಿನ ಕಡಿತ. ಹಾಗಾದರೆ ಚೇಳೆಲ್ಲಿದೆ?

ಆ ಸರ್ಜನ್ ನನಗೆ ಫೋನು ಮಾಡುವುದನ್ನು ನಿಲ್ಲಿಸಿದರು. ಕೆಲಸ ಕಡಿಮೆಯಾಯಿತು, ಚಿಂತೆ ಹೆಚ್ಚಾಯಿತು. ಕಡೆಗೆ ತಡೆಯಲಾರದೆ ಒಂದು ದಿನ ಮಸರಕಲ್ಲಿಗೇ ಹೋದೆ. ಹತ್ತಿ ಬಿಡಿಸುವ ಕಾಲ. ಹೊಲದ ತುಂಬ ಹೆಂಗಸರ ಸಾಲು, ಅಯ್ಯಮ್ಮ ಮಾತ್ರ ಬದುವಿನ ಮೇಲೆ ಒಬ್ಬಳೇ ಕೂತಿದ್ದಳು.

ಹನುಮಮ್ಮ ನನ್ನನ್ನು ಕಂಡು ಓಡಿ ಬಂದಳು. "ನೋಡ್ರೀ ಯವ್ವಾ, ಮಂದಿ ಆಕಿನ್ನ ಗುಂಪಿಗಿ ಕರಿಯವಲ್ರು. ಕೆಲಸಗಳ್ಳಿ, ನೆವ ತಗೀತಾಳ ಅಂತಾರ. ಕೆಲವ್ರು ಗಾಳಿ ಬಡದದ ಅಂತಾರ. ನನ್ನ ಮಗ ಅಮರೇಶ ಬ್ಯಾರೆ, ಇನ್ನೊಮ್ಮಿ ಹಿಂಗಾದ್ರ ತವರಿಗಿ ಬಿಟ್ಟು ಬರ್ತೀನಿ ಅಂತಾನ."

ನಾನು ಅಯ್ಯಮ್ಮನ ಪಕ್ಕ ಕೂತೆ. "ಅದು ಯಾವಾಗ ಬರ್ತದವ್ವ? ರೊಟ್ಟಿ ಬಡಿವಾಗ?"

"ಇಲ್ರಿ."

"ನೀರು ತರುವಾಗ?"

"ಇಲ್ರಿ. ಹತ್ತಿ ಬಿಡಸುವಾಗಷ್ಟೇ ಬರ್ತದ. ಅದೂ ಮುಂಜಾನಿ ಬರಂಗಿಲ್ಲ. ಉಡಿ ತುಂಬಿದ ಮ್ಯಾಲೆ ಬರ್ತದ."

ಹತ್ತಿ ಬಿಡಿಸುವವರನ್ನು ನೋಡದವರಿಗೆ ಹೇಳಬೇಕು. ನಮ್ಮ ಹೆಂಗಸರು ಹಳೆಯ ಸೀರೆಯ ತುಂಡನ್ನು ಸೊಂಟಕ್ಕೆ ಬಿಗಿದು ಮುಂದೆ ಜೋಳಿಗೆಯಂತೆ ಉಡಿ ಮಾಡಿಕೊಳ್ಳುತ್ತಾರೆ. ಬಿಡಿಸಿದ ಹತ್ತಿ ಅದರೊಳಗೆ. ಉಡಿ ತುಂಬಿದಷ್ಟೂ ಗಂಟು ಹೊಟ್ಟೆಗೆ ಬಿಗಿಯುತ್ತದೆ, ಬಗ್ಗಿದಷ್ಟೂ ಒತ್ತುತ್ತದೆ. ಒತ್ತಡ ಎಲ್ಲಿ ಬೀಳುತ್ತದೆ ಎಂದು ನಾನು ಕೇಳಿದೆ, ಅಷ್ಟೇ. ಬೇಡ ಎನ್ನುವುದರೊಳಗೆ ಅವಳು ಎದ್ದು ಬಟ್ಟೆ ಕಟ್ಟಿ, ರಾಶಿಯಿಂದ ಹತ್ತಿ ತುಂಬಿಕೊಂಡು ಬಗ್ಗಿದಳು. ಗಂಟು ಎಡಗಡೆ, ಪಕ್ಕೆಲುಬಿನ ಕೆಳಗೆ ಸಿಕ್ಕಿಕೊಂಡಿತ್ತು. ನನ್ನ ಕಣ್ಣೆದುರಿಗೇ ಅವಳ ಮುಖದ ರಕ್ತ ಇಳಿದು ತುಟಿ ಬಿಳಿಚಿತು. ಹನುಮಮ್ಮ "ಬಂತು, ಬಂತು!" ಎಂದು ಕೂಗಿದಳು. ನಾನು ಹಾರಿ ಗಂಟು ಬಿಚ್ಚಿದೆ. ಹತ್ತಿಯೆಲ್ಲ ನೆಲಕ್ಕೆ ಚೆಲ್ಲಿತು. ಅವಳನ್ನು ಕೂಡಿಸಿ ಕೈ ಹಿಡಿದುಕೊಂಡೆ. ತಣ್ಣಗಿದ್ದ ಕೈ ಮೆಲ್ಲಗೆ, ಬಹಳ ಮೆಲ್ಲಗೆ ಬೆಚ್ಚಗಾಯಿತು.

ಚೇಳು ಅಲ್ಲಿತ್ತು. ಗಂಟಿನ ಕೆಳಗೆ, ಹೊಟ್ಟೆಯ ಒಳಗೆ.

ರಾಯಚೂರಿನಲ್ಲಿ ಸ್ಕ್ಯಾನ್ ಮಾಡಿಸಿದೆವು. ಎಡ ಮೂತ್ರಪಿಂಡದ ಮೇಲಿನ ಗ್ರಂಥಿಯಲ್ಲಿ ನಿಂಬೆಹಣ್ಣಿಗಿಂತ ದೊಡ್ಡ ಗಡ್ಡೆ. ಒಂದು ಹಗಲು ಒಂದು ರಾತ್ರಿಯ ಮೂತ್ರವನ್ನು ಕ್ಯಾನಿನಲ್ಲಿ ಹಿಡಿದು ಹೈದರಾಬಾದಿಗೆ ಕಳಿಸಿದೆವು. ಅಲ್ಲಿಂದ ಬಂದ ಉತ್ತರವೂ ಅದೇ. ಆ ಗಡ್ಡೆ ತನ್ನಷ್ಟಕ್ಕೆ ನಾರ್‌ಅಡ್ರಿನಲಿನ್ ತಯಾರಿಸಿ ಇಟ್ಟುಕೊಂಡಿತ್ತು. ಒತ್ತಿದರೆ ಸಾಕು, ರಕ್ತಕ್ಕೆ ಸುರಿಯುತ್ತಿತ್ತು. ಬಹಳ ಅಪರೂಪದ ರೋಗ. ನಾನು ಪರೀಕ್ಷೆಗೆ ಓದಿದ್ದೆ, ಕಣ್ಣಾರೆ ಕಂಡದ್ದು ಆವತ್ತೇ.

ಮನೆಯವರಿಗೆ ತಿಳಿಹೇಳಿದೆ. ಹನುಮಮ್ಮ ಕೇಳಿದಳು, "ಅಂದ್ರ ಗಾಳಿ ಅಲ್ಲೇನ್ರಿ?"

"ಅಲ್ಲ."

"ನೆವಾನೂ ಅಲ್ಲ?"

"ಅಲ್ಲವ್ವ. ಆಕಿ ಖರೇನೇ ಹೇಳ್ಯಾಳ."

ಮುದುಕಿ ಸೊಸೆಯ ಕಡೆ ತಿರುಗಿ ಅಳತೊಡಗಿದಳು. "ನಾ ನಿನಗ ಭಾಳ ಅಂದೀನಿ ನನ್ನವ್ವ, ಭಾಳ ಅಂದೀನಿ." ಅಮರೇಶ ಗೋಡೆ ನೋಡುತ್ತ ನಿಂತಿದ್ದ. ಅಯ್ಯಮ್ಮ ಮಾತ್ರ ನನ್ನನ್ನು ಕೇಳಿದ್ದು ಒಂದೇ, "ಅದನ್ನ ತಗದ್ರ ನಾ ಉಡಿ ಕಟ್ಟಬಹುದೇನ್ರಿ?" ಅವಳಿಗೆ ಜೀವದ ಆಸೆಗಿಂತ ಆ ಸಾಲಿನಲ್ಲಿ ಮತ್ತೆ ನಿಲ್ಲುವ ಆಸೆ ದೊಡ್ಡದಾಗಿತ್ತು. ಕಟ್ಟಬಹುದು ಎಂದೆ.

ಇಂಥ ಗಡ್ಡೆಯನ್ನು ಹಾಗೇ ಹೋಗಿ ಕೊಯ್ಯುವಂತಿಲ್ಲ. ಸರ್ಜನ್ನರ ಬೆರಳು ತಾಗಿದರೆ ಉಡಿಯ ಗಂಟಿನ ಹತ್ತರಷ್ಟು ಸುರಿಯುತ್ತದೆ. ಮೊದಲು ವಾರಗಟ್ಟಲೆ ರಕ್ತನಾಳಗಳನ್ನು ಸಡಿಲಿಸಿ ತಯಾರು ಮಾಡಬೇಕು. ಅದಕ್ಕೆ ನಾವು ಕೊಟ್ಟದ್ದು ಯಾವ ಮಾತ್ರೆ ಗೊತ್ತೇ? ಪ್ರಜೋಸಿನ್. ಮಸರಕಲ್ಲಿನಲ್ಲಿ ಸುದ್ದಿಯೇ ಸುದ್ದಿ, ಅಯ್ಯಮ್ಮನಿಗೆ ಚೇಳು ಕಡಿಯದೆಯೇ ಚೇಳಿನ ಗುಳಿಗೆ ಕೊಟ್ಟಿದ್ದಾರೆ ಎಂದು. ಬಿಪಿ ರೋಗಿಗೆ ಉಪ್ಪು ಬಿಡಿಸುವುದು ಲೋಕರೂಢಿ, ನಾನು ಉಪ್ಪು ತಿನ್ನು, ನೀರು ಕುಡಿ ಎಂದೆ. ಬಿಗಿದು ಬಿಗಿದು ಒಣಗಿದ ಮೈಗೆ ನೀರು ತುಂಬಬೇಕಿತ್ತು. ಈ ಮಾತ್ರೆ ತಿಂದವರು ಥಟ್ಟನೆ ಎದ್ದರೆ ಬೀಳುತ್ತಾರೆ, ನಿಂತಾಗ ನಾಳ ಬಿಗಿಹಿಡಿಯುವ ಕೈಯನ್ನೇ ನಾವು ಕಟ್ಟಿಹಾಕಿರುತ್ತೇವಲ್ಲ. ಮೊದಲ ದಿನವೇ ಅವಳು ಎಮ್ಮೆಗೆ ಹುಲ್ಲು ಹಾಕಲು ಎದ್ದು ಹಾಗೇ ಕುಸಿದಳು. ಆಮೇಲೆ ಹನುಮಮ್ಮ ಕಾವಲು ಕೂತಳು. ಸೊಸೆ ಎದ್ದರೆ, "ಮೆಲ್ಲಕ ಏಳಬೇ, ಮೆಲ್ಲಕ!"

ಈ ನಡುವೆ ಪಟ್ಟಣದ ಇನ್ನೊಬ್ಬ ಡಾಕ್ಟರು ಎದೆಬಡಿತಕ್ಕೆಂದು ಹೃದಯದ ವೇಗ ತಗ್ಗಿಸುವ ಮಾತ್ರೆ ಬರೆದುಕೊಟ್ಟಿದ್ದರು. ಅಮರೇಶ ಪುಣ್ಯಕ್ಕೆ ಅದನ್ನು ನನಗೆ ತೋರಿಸಿದ. ಹುಡುಗರೇ, ಇದನ್ನು ಮಾತ್ರ ಮರೆಯಬೇಡಿ. ನಾಳಗಳನ್ನು ಸಡಿಲಿಸುವ ಮೊದಲೇ ಆ ಮಾತ್ರೆ ಕೊಟ್ಟರೆ ಬಿಗಿತ ಇನ್ನೂ ಏರಿ, ಹೃದಯ ಕೈಚೆಲ್ಲುತ್ತದೆ. ಮೊದಲು ಸಡಿಲ, ಆಮೇಲೆ ವೇಗ. ಆ ಡಾಕ್ಟರಿಗೆ ಫೋನು ಮಾಡಿದೆ. ಪಾಪ, ಅವರು ಒಪ್ಪಿಕೊಂಡು ನನಗಿಂತ ಹೆಚ್ಚು ಹೆದರಿದರು.

ಆಪರೇಷನ್ನಿಗೆ ರಾಯಚೂರಿನ ಸರ್ಜನ್ನರೊಬ್ಬರು ಒಪ್ಪಿದರು. ಮೃದು ಮಾತಿನವರು. ನಾರ್‌ಅಡ್ರಿನಲಿನ್ ಆಗ ಊರಿನ ಔಷಧಿ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುತ್ತಿರಲಿಲ್ಲ, ಹೈದರಾಬಾದಿನಿಂದ ರೈಲಿನಲ್ಲಿ ತರಿಸಿದೆ. ಅಮರೇಶ ಗಾಬರಿಯಾದ. "ಅದು ಹೆಚ್ಚಾಗೇ ಆಕಿಗಿ ರೋಗ ಬಂದದ ಅಂದ್ರಿ. ಈಗ ಅದನ್ನೇ ತಂದೀರಲ್ರಿ?"

ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಹಗಲೂ ರಾತ್ರಿ ಕೂಗಾಡುವ ಮನೆಯಲ್ಲಿ ಇದ್ದವರಿಗೆ ಮೆತ್ತನೆಯ ಮಾತು ಕೇಳಿಸುವುದಿಲ್ಲ. ಇಷ್ಟು ವರ್ಷ ಗಡ್ಡೆಯ ಕೂಗಿಗೆ ಅವಳ ನಾಳಗಳ ಕಿವಿ ಮಂದವಾಗಿದೆ. ಗಡ್ಡೆ ತೆಗೆದ ಕೂಡಲೇ ಕೂಗು ನಿಲ್ಲುತ್ತದೆ, ಮೈಯ ಸಹಜವಾದ ದನಿ ಕೇಳಿಸದೆ ಬಿಪಿ ಕುಸಿಯುತ್ತದೆ. ಕಿವಿ ತಿಳಿಯಾಗುವವರೆಗೆ ನಾವೇ ಹೊರಗಿನಿಂದ ಸ್ವಲ್ಪ ಸ್ವಲ್ಪ ಕೊಡಬೇಕು.

ಆಪರೇಷನ್ನಿನ ಬೆಳಿಗ್ಗೆ ನಾನು ಎಲ್ಲರಿಗಿಂತ ಮೊದಲು ಹೋಗಿ ಔಷಧಿಗಳನ್ನು ಬೆರೆಸಿಟ್ಟೆ. ಗಡ್ಡೆ ಮುಟ್ಟಿದಾಗಲೆಲ್ಲ ಬಿಪಿ ಜಿಗಿಯಿತು. ನಾನು "ಕೈ ತಗೀರಿ ಸರ್" ಎಂದರೆ ಅವರು ತೆಗೆದು ಕಾಯುತ್ತಿದ್ದರು. ಇಳಿಸುವ ಔಷಧಿ ಒಂದು ಕೈಯಲ್ಲಿ, ಏರಿಸುವುದು ಇನ್ನೊಂದರಲ್ಲಿ. ಕಡೆಗೆ ಗಡ್ಡೆಯ ರಕ್ತನಾಳಕ್ಕೆ ಗಂಟು ಹಾಕುತ್ತೇನೆ ಎಂದು ಅವರು ಎಚ್ಚರಿಸಿದರು. ಹಾಕಿದರು. ಅಂಕಿಗಳು ಇಳಿಯತೊಡಗಿದವು. ಮೆಟ್ಟಿಲಿಳಿದಂತೆ ಅಲ್ಲ, ಬಾವಿಗೆ ಬಿದ್ದಂತೆ. ಔಷಧಿಯನ್ನು ಅಳೆದು ಬಿಡುವ ಪಂಪಿನಲ್ಲಿ ತುಂಬಿಟ್ಟ ನಾರ್‌ಅಡ್ರಿನಲಿನ್ ಶುರು ಮಾಡಿದೆ. ಇಳಿತ ನಿಂತಿತು. ಉಸಿರು ಬಿಡಬೇಕು, ಅಷ್ಟರಲ್ಲಿ ಕರೆಂಟು ಹೋಯಿತು.

ಶಕ್ತಿನಗರದ ವಿದ್ಯುತ್ ಸ್ಥಾವರದ ಚಿಮಣಿಗಳು ಕಾಣುವ ಸೀಮೆ ನಮ್ಮದು. ದೀಪದ ಬುಡದಲ್ಲೇ ಕತ್ತಲು ಎಂಬುದನ್ನು ನಮಗೆ ಯಾರೂ ಕಲಿಸಬೇಕಿಲ್ಲ. ಜನರೇಟರು ಹತ್ತುವವರೆಗೆ ಪಂಪು ತನ್ನ ಬ್ಯಾಟರಿಯಲ್ಲಿ ನಡೆಯಬೇಕಿತ್ತು, ನಡೆಯಲಿಲ್ಲ. ಕಿರ್ರೆಂದು ಕೂಗಿ ನಿಂತಿತು. ಅವಳ ನಾಡಿ ನನ್ನ ಬೆರಳಿನ ಕೆಳಗೇ ತೆಳ್ಳಗಾಗುತ್ತಿತ್ತು. ನನ್ನ ಪುಕ್ಕಲುತನ ಆವತ್ತು ಕೈ ಹಿಡಿಯಿತು. ಪಂಪು ಇದ್ದರೂ ಅದೇ ಔಷಧಿ ಬೆರೆಸಿದ ಇನ್ನೊಂದು ಬಾಟಲಿಯನ್ನು ಸ್ಟ್ಯಾಂಡಿಗೆ ತೂಗುಹಾಕಿಟ್ಟಿದ್ದೆ. ಬೆಳಿಗ್ಗೆ ಅದನ್ನು ಕಂಡು ಎಲ್ಲರೂ ನಕ್ಕಿದ್ದರು. ನಳಿಗೆ ಬದಲಿಸಿ, ಟಾರ್ಚಿನ ಬೆಳಕಿನಲ್ಲಿ ಹನಿ ಎಣಿಸುತ್ತ ಬಿಟ್ಟೆ, ನಮ್ಮ ಕಾಲದಲ್ಲಿ ಮಾಡುತ್ತಿದ್ದ ಹಾಗೆ. ಹನಿ ಹೆಚ್ಚಾದರೆ ಏರುತ್ತದೆ, ಕಡಿಮೆಯಾದರೆ ಇಳಿಯುತ್ತದೆ. ಆಗ ನಾನು ಅಲ್ಲಾಹ್ ಎಂದೆನಂತೆ, ನಮ್ಮ ಸೀಮೆಯ ದೇವರನ್ನು ನೆನೆದು ಸುಗೂರೇಶ ಎಂದೂ ಅಂದೆನಂತೆ. ನನಗೆ ನೆನಪಿಲ್ಲ. ಜನರೇಟರು ಗುಡುಗಿ ದೀಪ ಬಂದಾಗ ಅವಳ ನಾಡಿ ನನ್ನ ಬೆರಳಿಗೆ ದಪ್ಪಗೆ ಸಿಕ್ಕಿತು. ಕೈ ಬೆಚ್ಚಗಿತ್ತು.

ಮರುದಿನ ಸಂಜೆಯ ಹೊತ್ತಿಗೆ ಹನಿಗಳನ್ನು ಇಳಿಸುತ್ತ ಇಳಿಸುತ್ತ ನಿಲ್ಲಿಸಿದೆವು. ಅವಳ ಮೈ ತನ್ನ ದನಿಯನ್ನು ತಾನೇ ಕೇಳಿಸಿಕೊಂಡಿತು.

ಈಗಿನ ಪಂಪುಗಳು ಒಳ್ಳೆಯವು, ಮಾನಿಟರುಗಳು ನನಗಿಂತ ಬೇಗ ಕಿರುಚುತ್ತವೆ. ಅವನ್ನು ನಂಬಿ, ನಾನು ಬೇಡವೆನ್ನುವುದಿಲ್ಲ. ಆದರೆ ಯಂತ್ರಕ್ಕೆ ಏನೂ ಆಗುವ ಮೊದಲೇ ಹೆದರಲು ಬರುವುದಿಲ್ಲ, ಮುಂಚೆಯೇ ಹೆದರಿ ಇನ್ನೊಂದು ಬಾಟಲಿ ತೂಗುಹಾಕುವುದು ನಿಮ್ಮ ಪಾಲಿನ ಕೆಲಸ. ಅಮ್ಮಿಯ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇಷ್ಟೇ. ಹೇಳೋಣವೆಂದರೆ ಆಗ ಅಮ್ಮಿ ಇರಲಿಲ್ಲ.

ಮುಂದಿನ ಹತ್ತಿಯ ಕಾಲಕ್ಕೆ ಮಸರಕಲ್ಲಿನಿಂದ ಕರೆ ಬಂತು. ಅಯ್ಯಮ್ಮ ಗುಂಪಿಗೆ ಹೋಗುತ್ತಾಳಂತೆ. ನಾನು ಬರುವವರೆಗೆ ಉಡಿ ಕಟ್ಟಬೇಡ ಎಂದು ಹೇಳಿ ಬಸ್ಸು ಹತ್ತಿದೆ. ಗಡ್ಡೆ ಹೋಗಿದೆ, ಎಲ್ಲ ಪರೀಕ್ಷೆ ಸರಿಯಿದೆ, ಬುದ್ಧಿಗೆ ಗೊತ್ತು. ಆದರೂ ದಾರಿಯುದ್ದಕ್ಕೂ ಒಂದೇ ಚಿಂತೆ. ಇನ್ನೊಂದು ಕಡೆ ಇನ್ನೊಂದು ಗಡ್ಡೆ ಇದ್ದರೆ? ನಾನು ಕೊಟ್ಟ ಮಾತು ಸುಳ್ಳಾದರೆ?

ಹೊಲದಲ್ಲಿ ಸಾಲು ಹಿಡಿದಿದ್ದ ಹೆಂಗಸರೆಲ್ಲ ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಅವಳನ್ನು ಕೆಲಸಗಳ್ಳಿ ಎಂದವರೂ ಅಲ್ಲೇ ಇದ್ದರು. ಹನುಮಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ನಾನು ಅಯ್ಯಮ್ಮನ ತೋಳಿಗೆ ಬಿಪಿ ಪಟ್ಟಿ ಸುತ್ತಿದೆ. ಅವಳು ಉಡಿ ಕಟ್ಟಿದಳು, ಗಂಟು ಬಿಗಿದಳು, ಬಿಡಿಸತೊಡಗಿದಳು. ನಾನು ಪೆಟ್ಟಿಗೆ ಹಿಡಿದು ಪಕ್ಕದಲ್ಲೇ ನಡೆದೆ. ಉಡಿ ತುಂಬಿತು. ಅವಳು ಬಗ್ಗಿದಳು. ಪಾದರಸ ಇದ್ದಲ್ಲೇ ಇತ್ತು. ಇನ್ನೊಮ್ಮೆ ನೋಡಿದೆ, ಇದ್ದಲ್ಲೇ ಇತ್ತು. ನಂಬಿಕೆಯಾಗದೆ ಅವಳ ಕೈ ಹಿಡಿದೆ.

ಬಗ್ಗಿದ್ದ ಅಯ್ಯಮ್ಮನ ಕೈಯೊಳಗೆ ನನ್ನ ಕೈ ಇತ್ತು. ಅವಳು ನೆಟ್ಟಗೆ ನಿಂತು ನನ್ನ ಮುಖ ನೋಡಿದಳು. ನನ್ನ ಹಣೆಯ ಬೆವರು ನೋಡಿದಳು. ಉಡಿಯನ್ನು ಒಂದು ಕೈಯಲ್ಲಿ ಒತ್ತಿಹಿಡಿದು, ಇನ್ನೊಂದರಿಂದ ನನ್ನನ್ನು ಬದುವಿನ ಮೇಲೆ ಕೂಡಿಸಿ, ಆಮೇಲೆ ಉಡಿ ಬಿಟ್ಟು ನನ್ನ ಎರಡೂ ಅಂಗೈಗಳನ್ನು ತನ್ನ ಬೆಚ್ಚನೆಯ ಕೈಗಳಲ್ಲಿ ಇಟ್ಟುಕೊಂಡಳು.

"ಯವ್ವಾ, ನಿಮ್ಮ ಕೈ ಹೆಂಗ ತಣ್ಣಗಾಗ್ಯಾವಲ್ರಿ" ಎಂದಳು. "ಈಗ ನಿಮಗ ಬಂತೇನ್ರಿ ಅದು?"